ಇನ್ನೊಂದು ತುದಿ ಹಿಡಿಯುವವರು

ತಿಥಿ ಮುಗಿಯಿತು. ನೆಂಟರೆಲ್ಲ ಬಸ್ಸು ಹತ್ತಿ ಹೋದರು. ಮರುದಿನ ಬೆಳಿಗ್ಗೆ ಹರಿಯಬ್ಬೆಯ ಗುಡ್ಡಪ್ಪನ ಮನೆಯಲ್ಲಿ ಎಲ್ಲವೂ ಎಂದಿನಂತೆ ಶುರುವಾಯಿತು. ನಲ್ಲಿಗೆ ನೀರು ಬಂತು. ಹಸು ಕೂಗಿತು. ಡೇರಿಗೆ ಹಾಲು ಹಾಕಿ ಬರುವುದು ಮಗ ಜಯಕುಮಾರನ ಕೆಲಸವಾಗಿತ್ತು. ಯುಗಾದಿ ಕಳೆದ ವಾರದಲ್ಲೇ ಅವನು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕುಳಿತವನು ಏಳಲಿಲ್ಲ. ಈಗ ಹಾಲಿನ ಕ್ಯಾನು ಯಾರು ಹಿಡಿಯಬೇಕೆಂದು ಯಾರೂ ಕೇಳಲಿಲ್ಲ. ಅವನ ಹೆಂಡತಿ ಸುಮಿತ್ರಾ ಹಿಡಿದುಕೊಂಡು ಹೋದಳು, ಹಾಲು ಹಾಕಿ ಬಂದಳು.

ಕ್ಯಾನನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಲು ಹೋದಾಗ ಪೈಪು ಕಂಡಿತು. ಬೆರಳು ದಪ್ಪದ, ಆರಪಾರ ಕಾಣುವ ಉದ್ದನೆಯ ಪೈಪು. ಗಾರೆ ಕೆಲಸದವರು ನೀರು ತುಂಬಿ ಗೋಡೆಯ ಮಟ್ಟ ನೋಡುತ್ತಾರಲ್ಲ, ಅದು. ಜಯಕುಮಾರ್ ಅದನ್ನು ಸುರುಳಿ ಸುತ್ತಿ, ಎರಡೂ ಬಾಯಿಗೆ ಚಿಂದಿ ತುರುಕಿ ಇಟ್ಟಿದ್ದ. ಒಳಗೆ ಅವನು ತುಂಬಿದ ನೀರು ಇನ್ನೂ ಇತ್ತು.

ಸುಮಿತ್ರಾ ಅದನ್ನೇ ನೋಡುತ್ತ ನಿಂತಳು. ಅಳು ಬರಲಿಲ್ಲ. ಆ ದಿನಗಳಲ್ಲಿ ಅವಳಿಗೆ ಯಾವುದೂ ಬರುತ್ತಿರಲಿಲ್ಲ.

ಹಿಂದಿನಿಂದ ಅತ್ತೆ ಗಂಗಕ್ಕ ಬಂದಳು. "ಅದು ಹಿರಿಯೂರಿನ ಜಮಾಲ್ ಸಾಬಂದು. ನಮ್ಮ ಮನೆ ಗೋಡೆ ಎಬ್ಬಿಸಿದ್ನಲ್ಲ, ಆ ಗಾರೆ ಜಮಾಲ್ ಸಾಬು. ನಾಳೆ ಕೊಟ್ಬರ್ತೀನಿ ಅಂತಿದ್ದ ನನ್ನ ಮಗ. ನೀ ಇವತ್ತೇ ಕೊಟ್ಟು ಬಾರವ್ವ. ಸತ್ತೋರ ಹೆಸರಲ್ಲಿ ಎರವಲು ಉಳೀಬಾರದು."

"ಕೊಡ್ತೀನಿ ಅತ್ತೆ. ಕೆಲಸ ಮುಗೀಲಿ."

"ಯಾವ ಕೆಲಸ?"

ಸುಮಿತ್ರಾ ಬಾಗೂರಿನ ಹುಡುಗಿ. ದಾವಣಗೆರೆಯಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿದವಳು. ದೇಶಗಳು ಹೇಗೆ ಬೆಳೆಯುತ್ತವೆ, ಬೆಳೆದದ್ದು ಹೇಗೆ ಉಳಿಯುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು. ಅಂದು ಬೆಳಿಗ್ಗೆ ಅವಳ ಬಾಯಿಗೆ ಸಿಕ್ಕಿದ್ದು ಇಷ್ಟೇ: "ಮೇಲಿನ ಹೊಲದಾಗೆ ಅವರು ನೆಟ್ಟ ಗೂಟ ಅರ್ಧಕ್ಕೇ ನಿಂತಾವೆ."

ಅಷ್ಟರಲ್ಲಿ ದುರುಗಣ್ಣ ಬಂದ. ಅವನ ಹೊಲ ಗುಡ್ಡಪ್ಪನ ಹೊಲಕ್ಕೆ ಅಂಟಿಕೊಂಡೇ ಇದೆ. ಊರ ಮುಂದೆ ಹೊಸ ರಸ್ತೆ ಆಗುತ್ತಿದೆ. ರಸ್ತೆಗೆ ಮಣ್ಣು ಗೊತ್ತುಮಾಡಿ ಕೊಡುವ ಕೆಲಸವನ್ನು ಅವನು ಹಿಡಿದಿದ್ದ.

"ಗುಡ್ಡಣ್ಣ, ದುಃಖದ ಮನೇಲಿ ವ್ಯವಹಾರ ಮಾತಾಡಬಾರದು," ಎನ್ನುತ್ತಲೇ ಅವನು ಜಗಲಿಯ ಮೇಲೆ ಕುಳಿತು ವ್ಯವಹಾರ ಮಾತಾಡಿದ. "ಏನ್ ಮಾಡ್ಲಿ, ಕಂಟ್ರಾಕ್ಟರು ಕಾಯಂಗಿಲ್ಲ. ನಿನ್ನ ಮೇಲಿನ ಹೊಲದ ಕೆಮ್ಮಣ್ಣು ಅವರಿಗೆ ಹಿಡಿಸೈತೆ. ಹಿಟಾಚಿ ತಂದು ಬಗೀತಾರೆ, ಟಿಪ್ಪರಲ್ಲಿ ತಗಂಡು ಹೋಗ್ತಾರೆ. ಒಳ್ಳೆ ದುಡ್ಡು. ಹೆಂಗೂ ಆ ಹೊಲ ಬರೇ ನೊರಜುಗಲ್ಲು ಆಗೈತೆ. ಊರು ಬೆಳೀಬೇಕಲ್ಲಪ್ಪ!"

ಗುಡ್ಡಪ್ಪ ಟವಲಿನಿಂದ ಮುಖ ಒರೆಸಿಕೊಂಡ. "ಉಳೋನೇ ಹೋದ ಮೇಲೆ ಹೊಲ ಇಟ್ಕಂಡು ಏನ್ ಮಾಡ್ಲಿ ದುರುಗಣ್ಣ. ತಗಂಡು ಹೋಗ್ಲಿ ಬಿಡು."

"ಬ್ಯಾಡ ಮಾವ."

ಎಲ್ಲರೂ ತಿರುಗಿ ನೋಡಿದರು. ಸುಮಿತ್ರಾ ಬಾಗಿಲಲ್ಲಿ ಪೈಪಿನ ಸುರುಳಿ ಹಿಡಿದು ನಿಂತಿದ್ದಳು.

"ಅವರು ಆ ಹೊಲಕ್ಕೆ ಅಡ್ಡಡ್ಡ ಬದು ಹಾಕ್ಬೇಕು ಅಂತಿದ್ರು. ಅದಕ್ಕೇ ಇದನ್ನ ತಂದಿದ್ದು. ನಾನು ಹಾಕಿಸ್ತೀನಿ."

ದುರುಗಣ್ಣ ಚಪ್ಪಲಿ ಹುಡುಕಿಕೊಂಡ. "ನಾನು ನಾಳಿದ್ದು ಬರ್ತೀನಿ," ಎಂದವನು ಮೆಲ್ಲಗೆ ಜಾಗ ಖಾಲಿ ಮಾಡಿದ.

ಈ ಸೀಮೆಯಲ್ಲಿ ಬದು ಎಂದರೆ ಸರಹದ್ದು. ಅಣ್ಣತಮ್ಮಂದಿರು ಬೇರೆಯಾದಾಗ, ಇದು ನಂದು ಅದು ನಿಂದು ಎನ್ನಲು ಹಾಕುವುದು. ಒಬ್ಬರದೇ ಹೊಲದ ನಡುವೆ ಹೊಸ ಬದು ಎದ್ದಿತೆಂದರೆ ಆ ಮನೆ ಒಡೆಯಿತು ಎಂದೇ ಊರು ತಿಳಿಯುತ್ತದೆ. ಯಾರನ್ನೂ ಕೇಳಲು ಹೋಗುವುದಿಲ್ಲ.

ಗಂಗಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. "ಅವನ್ನ ಮಣ್ಣು ಮಾಡಿ ಇನ್ನೂ ತಿಂಗಳು ತುಂಬಿಲ್ಲ. ನಿಂಗೆ ಪಾಲು ಬೇಕಾದ್ರೆ ಬಾಯ್ಬಿಟ್ಟು ಕೇಳೇ ತಾಯಿ. ತವರಿಗೆ ಹೋಗ್ತೀಯಾ, ಹೋಗು. ಹೊಲದಾಗೆ ಬದು ಹಾಕಿ ಊರಿಗೆಲ್ಲ ಸಾರಬ್ಯಾಡ."

ಸುಮಿತ್ರಾ ಪೈಪನ್ನು ತಿರುಗಿ ಗೂಟಕ್ಕೆ ಹಾಕಿದಳು.

ಸಂಜೆ ರೋಜಾ ಬಂದಳು. ಅವಳು ಮಹಿಳಾ ಸಂಘದ ಕೃಷಿ ಸಖಿ, ರೈತರಿಗೆ ಬೇಸಾಯದ ತಿಳಿವಳಿಕೆ ಹೇಳುವವಳು. ಬಬ್ಬೂರು ಕೃಷಿ ಫಾರಂನಲ್ಲಿ ತರಬೇತಿ ಪಡೆದು ಬಂದವಳು. ಅದನ್ನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವಳಿಗೆ ಉಂಡದ್ದು ಅರಗುವುದಿಲ್ಲ. ಸುಮಿತ್ರಾಗೆ ಗೆಳತಿ. ಗುಡ್ಡಪ್ಪ, ಗಂಗಕ್ಕನಿಗೆ ದೊಡ್ಡಪ್ಪ, ದೊಡ್ಡವ್ವ ಎಂದೇ ಕರೆಯುತ್ತಾಳೆ.

"ಏನ್ ದೊಡ್ಡವ್ವ, ಬದು ಅಂದಿದ್ದಕ್ಕೆ ಹುಡುಗಿ ಮೇಲೆ ಹರಿಹಾಯ್ದೆಯಂತೆ? ದುರುಗಣ್ಣ ಬಸ್‌ಸ್ಟ್ಯಾಂಡಲ್ಲಿ ಹೇಳ್ತಾ ಇದ್ದ."

"ಆಗ್ಲೇ ಊರೆಲ್ಲ ಆತಾ? ನೋಡಿದ್ಯಾ, ನಾ ಹೇಳಿಲ್ವಾ!"

"ಊರು ಮಾತಾಡ್ಲಿ ಬಿಡು. ಅದಕ್ಕೆ ಬ್ಯಾರೆ ಕೆಲಸ ಇಲ್ಲ. ನೀ ಒಂದು ಚೊಂಬು ನೀರು ತಗಂಡು ಬಾ."

ಮನೆಯ ಮುಂದಿನ ಅಂಗಳ ಬೀದಿಯ ಕಡೆಗೆ ಇಳಿಜಾರು. ರೋಜಾ ಮೇಲುಗಡೆ ನಿಂತು ನೀರು ಸುರಿದಳು. ನೀರು ಧೂಳು, ಕಸ ಎಲ್ಲವನ್ನೂ ಬಾಚಿಕೊಂಡು ಒಂದೇ ಓಟಕ್ಕೆ ಬೀದಿ ಸೇರಿತು.

"ಇದು ನಿಮ್ಮ ಮೇಲಿನ ಹೊಲ," ಎಂದಳು. ಆಮೇಲೆ ಒಂದು ಹಿಡಿ ಮಣ್ಣನ್ನು ಕಲಸಿ ಇಳಿಜಾರಿನ ಉದ್ದಕ್ಕೆ ಒಂದು ಸಾಲು ಇಟ್ಟಳು. "ಇದು ಸರಹದ್ದಿನ ಬದು. ಮ್ಯಾಲಿಂದ ಕೆಳಗೆ ಹೋಗೈತೆ." ನೀರು ಸುರಿದಳು. ನೀರು ಆ ಸಾಲಿನ ಪಕ್ಕದಲ್ಲೇ ಇನ್ನೂ ಜೋರಾಗಿ ಓಡಿತು. "ನೋಡು ದೊಡ್ಡವ್ವ, ಇದು ನೀರು ತಡೆಯಾಕಿಲ್ಲ. ಹಿಂಗ್ ಹೋಗಪ್ಪ ಅಂತ ದಾರಿ ತೋರಿಸ್ತೈತೆ."

ಮೂರನೆಯ ಸಲ ಮಣ್ಣಿನ ಸಾಲನ್ನು ಅಡ್ಡಕ್ಕೆ ಇಟ್ಟಳು. ಅದರ ಮೇಲುಗಡೆ ಬೆರಳಿನಿಂದ ಒಂದು ಗೆರೆ ತೋಡಿದಳು. ನೀರು ಬಂತು, ಗೆರೆಯಲ್ಲಿ ನಿಂತಿತು, ಸ್ವಲ್ಪ ಹೊತ್ತಿಗೆ ನೆಲ ಅದನ್ನು ಕುಡಿದುಬಿಟ್ಟಿತು. ಹರಿದುಬಂದ ಮಣ್ಣು ಮಾತ್ರ ಗೆರೆಯಲ್ಲೇ ಕೂತಿತ್ತು.

"ಜಯಣ್ಣ ಹಾಕಬೇಕು ಅಂದಿದ್ದು ಈ ಬದು. ಇದು ಪಾಲಿಂದಲ್ಲ, ನೀರಿಂದು."

ಗಂಗಕ್ಕ ಬಗ್ಗಿ ಆ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆದರೂ ಗುಡ್ಡಪ್ಪ ಒಪ್ಪಲಿಲ್ಲ.

"ಅಂಗಳ ಬ್ಯಾರೆ, ಹೊಲ ಬ್ಯಾರೆ ಕಣಮ್ಮ. ನಮ್ಮಪ್ಪನ ಕಾಲದಲ್ಲೂ ಒಂದು ಅಡ್ಡ ಬದು ಹಾಕಿದ್ರು. ವರ್ಷಾ ವರ್ಷಾ ಬೇವಿನ ಮರದ ಹತ್ರ ಒಡೀತಿತ್ತು. ಕಟ್ಟಿ ಕಟ್ಟಿ ಸಾಕಾಗಿ ಬಿಟ್ವಿ. ಆ ಹೊಲಕ್ಕೆ ಬದು ನಿಲ್ಲಲ್ಲ."

"ಎಂಗೆ ಹಾಕಿದ್ರಿ ದೊಡ್ಡಪ್ಪ? ಮಟ್ಟ ನೋಡಿ ಹಾಕಿದ್ರಾ?"

"ಮಟ್ಟ ಯಾಕೆ? ಈ ಕಣ್ಣಿಲ್ವಾ? ನಾನು ನೇಗಿಲು ಹಿಡಿದ್ರೆ ದಾರ ಎಳೆದಂಗೆ ಸಾಲು ಬರ್ತಿತ್ತು. ಬೇವಿನ ಮರದ ಕಡೆ ಎತ್ತರ ಐತೆ, ಕೆರೆ ಕಡೆ ತಗ್ಗು. ಯಾವನ್ ಬೇಕಾದ್ರೂ ಕರ್ಕಂಡ್ ಬಾ."

"ಯಾರೂ ಬ್ಯಾಡ. ಆ ಪೈಪು ತಗಂಡು ಬೆಳಿಗ್ಗೆ ಹೋಗಾಣ. ನಿಮ್ಮ ಕಣ್ಣು ಗೆದ್ರೆ ಮಣ್ಣು ದುರುಗಣ್ಣನಿಗೆ. ಪೈಪು ಗೆದ್ರೆ ಬದು."

"ಲೇ, ನನ್ನ ಕಣ್ಣಿನ ಮೇಲೆ ಪಂದ್ಯ ಕಟ್ತೀಯಾ?" ಎಂದ ಗುಡ್ಡಪ್ಪ. ಎಷ್ಟೋ ದಿನದ ಮೇಲೆ ಅವನ ದನಿಯಲ್ಲಿ ಸ್ವಲ್ಪ ಖಾರ ಬಂದಿತ್ತು.

ಬೆಳಿಗ್ಗೆ ನಾಲ್ವರೂ ಮೇಲಿನ ಹೊಲಕ್ಕೆ ಹೋದರು. ಜಯಕುಮಾರ್ ಪಡುವಣದ ಅಂಚಿನಿಂದ ಹೊಲದ ನಡುವಿನವರೆಗೆ ಗೂಟ ನೆಟ್ಟು ಸುಣ್ಣದ ಗುರುತು ಹಾಕಿದ್ದ. ಅಲ್ಲಿಂದ ಮುಂದೆ ಬೇವಿನ ಮರದವರೆಗೆ ಬರಿಯ ಕೆಂಪು ನೆಲ.

ರೋಜಾ ಎರಡು ಉದ್ದನೆಯ ಕೋಲು ತಂದಿದ್ದಳು. ಪೈಪಿಗೆ ಹೊಸ ನೀರು ತುಂಬಿ, ಒಳಗೆ ಗುಳ್ಳೆಯಿಲ್ಲದಂತೆ ಬೆರಳಿನಿಂದ ತಟ್ಟಿ ತಟ್ಟಿ ಬಿಡಿಸಿದಳು. "ಗುಳ್ಳೆ ಇದ್ರೆ ಮಟ್ಟ ತಪ್ಪತೈತೆ," ಎಂದಳು. ಒಂದು ತುದಿಯನ್ನು ಒಂದು ಕೋಲಿಗೆ ಹಿಡಿಸಿ ಕೊನೆಯ ಗೂಟದ ಹತ್ತಿರ ಸುಮಿತ್ರಾಳ ಕೈಗೆ ಕೊಟ್ಟಳು. ಇನ್ನೊಂದು ತುದಿಯನ್ನು ಇನ್ನೊಂದು ಕೋಲಿಗೆ ಹಿಡಿದುಕೊಂಡು ಗುಡ್ಡಪ್ಪ ಬೇವಿನ ಮರದತ್ತ ನಡೆದ. ಪೈಪು ಸಾಲದೆ ನಡುವೆ ನಿಂತ.

"ಈಗ ಇಬ್ರೂ ಬೆರಳು ತೆಗೀರಿ. ನೀರು ಎಲ್ಲಿ ನಿಂತೈತೆ ಹೇಳ್ರಿ. ಪೈಪಲ್ಲಿ ಎರಡು ಕಡೇನೂ ನೀರು ಒಂದೇ ಎತ್ತರಕ್ಕೆ ನಿಲ್ತೈತೆ. ಯಾರ ಕಡೆ ನೆಲ ತಗ್ಗೋ ಅವರ ಕೋಲಲ್ಲಿ ನೀರು ಮ್ಯಾಲೆ ಕಾಣ್ತೈತೆ."

"ನನ್ನ ಸೊಂಟದ ಮಟ್ಟಕ್ಕೆ," ಎಂದಳು ಸುಮಿತ್ರಾ.

ಗುಡ್ಡಪ್ಪ ಎರಡೆರಡು ಸಲ ನೋಡಿದ. ಅವನ ಕೋಲಿನಲ್ಲಿ ನೀರು ಎದೆಯ ಮಟ್ಟದಲ್ಲಿ ನಿಂತಿತ್ತು. ಎತ್ತರ ಎಂದು ಅವನು ಇಷ್ಟು ಕಾಲ ನಂಬಿದ್ದ ಕಡೆಯೇ ತಗ್ಗಾಗಿತ್ತು. ಅಪ್ಪನ ಕಾಲದ ಬದು ವರ್ಷಾ ವರ್ಷಾ ಅಲ್ಲೇ ಒಡೆಯುತ್ತಿದ್ದುದು ಅದಕ್ಕೇ. ಹೊಲದ ನೀರೆಲ್ಲ ಸದ್ದಿಲ್ಲದೆ ಆ ಮೂಲೆಗೆ ಬಂದು ಕೂಡುತ್ತಿತ್ತು.

"ದೊಡ್ಡಪ್ಪ? ಎಲ್ಲೈತೆ ನೀರು?"

"ಬಾ, ನೀನೇ ನೋಡು," ಎಂದ ಗುಡ್ಡಪ್ಪ. ಆಮೇಲೆ ತಾನೇ ನಕ್ಕ. "ಈ ಬೇವಿನ ಮರ ನನ್ನ ಕಣ್ಣಿಗೆ ಮೋಸ ಮಾಡೈತೆ ಕಣಮ್ಮ. ಅದರ ಎತ್ತರ ನೋಡಿ ನೆಲಾನೂ ಎತ್ತರ ಅಂದ್ಕಂಡಿದ್ದೆ."

"ಹಂಗಾದ್ರೆ ಮ್ಯಾಲಕ್ಕೆ ಬರ್ರಿ, ಎರಡೂ ಕಡೆ ನೀರು ಒಂದೇ ಗುರುತಿಗೆ ಬರೋ ತನಕ."

ಗುಡ್ಡಪ್ಪ ಒಂದೊಂದೇ ಹೆಜ್ಜೆ ಮೇಲಕ್ಕೆ ಬಂದ. ಪೈಪಿನಲ್ಲಿ ನೀರು ತೂಗಾಡಿ, ಏರಿ, ಇಳಿದು, ಮೆಲ್ಲಗೆ ನಿಂತಿತು. ಆ ತುದಿಯಲ್ಲಿ ಮಾವ, ಈ ತುದಿಯಲ್ಲಿ ಸೊಸೆ. ನಡುವೆ ಒಂದೇ ನೀರು.

"ನಿಲ್ರಿ ಮಾವ. ಸರಿ ಹೋತು."

ಗುಡ್ಡಪ್ಪ ಗೂಟ ನೆಡಲಿಲ್ಲ. ತಿರುಗಿ ಪಡುವಣದ ಕಡೆ ಮಗ ನೆಟ್ಟಿದ್ದ ಗೂಟಗಳ ಸಾಲನ್ನು ನೋಡಿದ. ಅವು ನೇರವಾಗಿರಲಿಲ್ಲ, ನೆಲ ಬಾಗಿದ ಕಡೆ ಬಾಗಿ, ತಿರುಗಿದ ಕಡೆ ತಿರುಗಿದ್ದವು. ಮೊದಲು ಅದನ್ನು ನೋಡಿ ಅವನೇ ಗೇಲಿ ಮಾಡಿದ್ದ, ಇದೇನೋ ಹಾವು ಹರಿದಂಗೈತೆ ಎಂದು. ಈಗ ಅರ್ಥವಾಯಿತು. ಒಂದು ಗೂಟವೂ ಮಟ್ಟ ತಪ್ಪಿರಲಿಲ್ಲ.

"ಇಷ್ಟನ್ನೂ ಒಬ್ಬನೇ ಎಂಗೆ ಹಿಡಿದ್ನೋ," ಎಂದ.

"ಆ ತುದೀನ ಕೋಲಿಗೆ ಕಟ್ಟಿ ನೆಲಕ್ಕೆ ಹೂತಿದ್ರು ಮಾವ. ಓಡಾಡಿ ಓಡಾಡಿ ನೋಡ್ಕಂತಿದ್ರು."

ಗುಡ್ಡಪ್ಪ ಸೊಸೆಯ ಕಡೆ ತಿರುಗಿದ. ಕೊನೆಗೆ ಕೇಳಿದ. "ನೀ ಇರ್ತೀಯೇನವ್ವ?"

ಸುಮಿತ್ರಾ ಪೈಪಿನ ಬಾಯನ್ನು ಎತ್ತಿ ಹಿಡಿದೇ ಇದ್ದಳು. "ಈ ತುದಿ ಬಿಟ್ಟು ಎಲ್ಲಿಗೆ ಹೋಗ್ಲಿ ಮಾವ? ನೀರೆಲ್ಲ ಚೆಲ್ಲಿ ಹೋಗ್ತೈತೆ."

ಗಂಗಕ್ಕ ಬೇವಿನ ನೆರಳಿನಿಂದ ಎದ್ದು ಬಂದಳು. ಗೂಟಗಳ ಕಟ್ಟನ್ನು ತಲೆಯ ಮೇಲೆ ಇಟ್ಟುಕೊಂಡು ಗಂಡನ ಹತ್ತಿರ ನಡೆದಳು. "ತಗಾ, ನೆಡು. ಬಿಸಿಲು ಏರ್ತೈತೆ," ಎಂದಳು.

ಆಮೇಲಿನದೆಲ್ಲ ಕೆಲಸ. ರೋಜಾ ಪಂಚಾಯಿತಿಗೆ ಹೋಗಿ ಅರ್ಜಿ ಕೊಡಿಸಿದಳು. ಸಣ್ಣ ರೈತರ ಹೊಲದ ಬದುವನ್ನು ಉದ್ಯೋಗ ಖಾತ್ರಿಯಲ್ಲೇ ಹಾಕಿಸಿಕೊಳ್ಳಬಹುದು; ಕೂಲಿ ನೇರ ಬ್ಯಾಂಕಿಗೆ ಬರುತ್ತದೆ. ಸಂಘದ ಹೆಂಗಸರೇ ಗುದ್ದಲಿ, ಬಾಂಡ್ಲಿ ಹಿಡಿದು ಬಂದರು. ಗುರುತಿನ ಉದ್ದಕ್ಕೂ ಮೊಣಕಾಲುದ್ದದ ಕಂದಕ ತೋಡಿದರು. ತೆಗೆದ ಮಣ್ಣನ್ನು ಕಂದಕದ ಕೆಳಗಡೆ ಹಾಕಿ ತುಳಿದು ಗಟ್ಟಿ ಮಾಡಿದರು. ಜೋರು ಮಳೆ ಬಂದರೆ ಹೆಚ್ಚಾದ ನೀರು ಹೋಗಲು ಒಂದು ಕಡೆ ಕಲ್ಲು ಜೋಡಿಸಿ ಕೋಡಿ ಬಿಟ್ಟರು. ಹಾಗೆ ಬಿಡದಿದ್ದರೆ ಎಂಥ ಬದುವೂ ಒಡೆಯುತ್ತದೆ.

ಕೆಲಸದಲ್ಲಿ ನಗೆಗೆ ಬರವಿರಲಿಲ್ಲ. "ಎಂ.ಎ. ಓದಿದೋಳು ಬಾಂಡ್ಲಿ ಹೊರೋ ಸೊಗಸು ನೋಡ್ರೇ," ಎಂದು ಸಂಘದ ಪುಟ್ಟಕ್ಕ ಕೆಣಕಿದಳು. "ಕೊಡದ ಥರ ಸೊಂಟದ ಮೇಲೆ ಇಟ್ಕಂಡವ್ಳೆ!" ಸುಮಿತ್ರಾಗೆ ನಗು ಬಂತು. ಬಂದದ್ದು ಅವಳಿಗೇ ಆಮೇಲೆ ತಿಳಿಯಿತು.

ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. "ಏನ್ ಗುಡ್ಡಪ್ಪ, ಸೊಸೆ ಪಾಲು ತಗಂಡ್ಲಾ?"

"ತಗಂಡ್ಲು," ಎನ್ನುತ್ತಿದ್ದ ಗುಡ್ಡಪ್ಪ. "ನನ್ನ ಕೆಲಸದಾಗೆ ಪಾಲು ತಗಂಡ್ಲು. ಬರ್ರಿ, ನಿಮಗೂ ಒಂದು ಗುದ್ದಲಿ ಐತೆ."

ಕೆಲಸ ಶುರುವಾಗುವ ಮುಂಚೆಯೇ, ಹೇಳಿದಂತೆ ದುರುಗಣ್ಣ ತಿರುಗಿ ಬಂದಿದ್ದ. ಗುಡ್ಡಪ್ಪ ಅವನನ್ನು ಕೂರಿಸಿ ಮಜ್ಜಿಗೆ ಕೊಟ್ಟ. "ರಸ್ತೆ ಆಗ್ಲಿ ಕಣಪ್ಪ, ನಾನೇನು ಬ್ಯಾಡ ಅನ್ನಲ್ಲ. ನಂಗೂ ಬೇಕು. ಆದ್ರೆ ಹೊಲದ ಮ್ಯಾಲ್ಮಣ್ಣು ತೆಗೆದ್ರೆ ಆ ರಸ್ತೆ ಮೇಲೆ ನಾನು ಏನ್ ತಗಂಡು ಹೋಗ್ಲಿ? ಖಾಲಿ ಚೀಲಾನಾ? ಕ್ವಾರಿ ಮಣ್ಣು ತರಿಸ್ಕಳ್ಳಿ ನಿಮ್ಮ ಕಂಟ್ರಾಕ್ಟರು. ನನ್ನ ಶೇಂಗಾ ಅದೇ ರಸ್ತೆ ಮೇಲೆ ಹಿರಿಯೂರಿಗೆ ಹೋಗ್ಬೇಕು. ಅದು ಊರು ಬೆಳೆಯಾದು."

ರೋಹಿಣಿ ಮಳೆ ಸಂಜೆಗೆ ಶುರುವಾಗಿ ಬಿಡದೆ ಸುರಿಯಿತು. ಬೆಳಕು ಹರಿಯುವ ಮುಂಚೆಯೇ ಗುಡ್ಡಪ್ಪ ಹೊಲದಲ್ಲಿದ್ದ. ಹಿಂದೆಯೇ ಸುಮಿತ್ರಾ, ಗಂಗಕ್ಕ ಓಡಿಬಂದರು. ಮೂವರ ಕಣ್ಣೂ ಹೋದದ್ದು ಬೇವಿನ ಮರದ ಕಡೆಗೆ.

ಬದು ನಿಂತಿತ್ತು.

ಕಂದಕದ ಉದ್ದಕ್ಕೂ ನೀರು ಚಹಾದ ಬಣ್ಣಕ್ಕೆ ತಿರುಗಿ ನಿಂತಿತ್ತು. ಒಂದು ಕಡೆ ಹೆಚ್ಚಿಲ್ಲ, ಒಂದು ಕಡೆ ಕಡಿಮೆಯಿಲ್ಲ. ಹೆಚ್ಚಾದದ್ದು ಕೋಡಿಯ ಕಲ್ಲಿನ ಮೇಲೆ ಸಣ್ಣಗೆ ಇಳಿಯುತ್ತಿತ್ತು. ಪಕ್ಕದ ದುರುಗಣ್ಣನ ಹೊಲದಲ್ಲಿ ಮಾತ್ರ ನೀರು ಸೀಳಿಕೊಂಡು ಹೋಗಿದ್ದ ಕೊರಕಲು ಬಿದ್ದಿತ್ತು. ಅವನ ಮಣ್ಣು ಹೊಸ ರಸ್ತೆಯ ಚರಂಡಿಯಲ್ಲಿ ಕೂತಿತ್ತು, ದುಡ್ಡಿಲ್ಲದೆಯೇ.

ಒಂದೇ ಮಳೆಗೆ ಬಾವಿ ತುಂಬಲಿಲ್ಲ. ಹಾಗೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಬಿದ್ದ ಮಳೆ ಬಿದ್ದ ಹೊಲದಲ್ಲೇ ಉಳಿಯಿತು. ಬದುವಿನ ಮೇಲೆ ಚೆಲ್ಲಿದ್ದ ತೊಗರಿ ವಾರದಲ್ಲಿ ಮೊಳಕೆ ಒಡೆಯಿತು. ಗುಡ್ಡಪ್ಪ ಬದುವಿನ ಗುಂಟ ಬಾಗಿ ಬಾಗಿ ಶೇಂಗಾ ಬಿತ್ತಿದ. ದಾರ ಎಳೆದಂತೆ ನೇರವಾಗಿ ಉಳುತ್ತಿದ್ದವನು ಈಗ ವಕ್ರ ಸಾಲನ್ನು ಹೋಗುವವರಿಗೆ ಬರುವವರಿಗೆ ಕರೆದು ತೋರಿಸುತ್ತಿದ್ದ. "ನನ್ನ ಮಗ ಗುರುತು ಹಾಕಿದ್ದು. ಸೊಸೆ ಮುಗಿಸಿದ್ದು. ನಾನು ಬರೀ ಒಂದು ತುದಿ ಹಿಡ್ಕಂಡಿದ್ದೆ." ಹೇಳುವಾಗ ಅವನ ಎದೆ ಒಂದು ಗೇಣು ಮುಂದೆ ಬರುತ್ತಿತ್ತು.

ಒಂದು ದಿನ ದುರುಗಣ್ಣ ತಲೆ ಕೆರೆದುಕೊಂಡು ಅಂಗಳಕ್ಕೆ ಬಂದ. "ಸುಮಿತ್ರವ್ವ, ಆ ಪೈಪು ನಂಗೂ ಬೇಕಾಗಿತ್ತು."

"ಅದು ನಮ್ಮದಲ್ಲ ದುರುಗಣ್ಣ. ಕೊಟ್ಟೋರಿಗೆ ಕೊಟ್ಟ ಮೇಲೆ ಅವರನ್ನೇ ಕೇಳು. ನಾಳೆ ಹೊರಟೀನಿ, ಬರ್ತೀಯಾ?"

ಸುಮಿತ್ರಾ ಪೈಪನ್ನು ತೊಳೆದಳು. ಒಳಗಿನ ಹಸಿರು ಹೋಗುವವರೆಗೆ ನೀರು ಹಾಯಿಸಿದಳು. ಜಯಕುಮಾರ್ ಸುತ್ತಿದ್ದಂತೆಯೇ ಸುರುಳಿ ಸುತ್ತಿ, ಅವನು ತುರುಕಿದ್ದ ಚಿಂದಿಯನ್ನು ಮಾತ್ರ ತೆಗೆದು ತನ್ನ ಹತ್ತಿರ ಇಟ್ಟುಕೊಂಡಳು.

ಹಿರಿಯೂರಿನಲ್ಲಿ ಜಮಾಲ್ ಸಾಬ್ ಮನೆಯ ಮುಂದೆ ಗಾರೆ ಮೆತ್ತುವ ಕರಣೆ ಉಜ್ಜುತ್ತ ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತ. "ಬಾ ಬೇಟಿ, ಕುಂತ್ಕ." ಒಳಗೆ ತಿರುಗಿ ಹೆಂಡತಿಗೆ ಚಹಾ ಇಡಲು ಕೂಗಿ ಹೇಳಿದ.

"ತಡ ಆತು ಸಾಬ್ರೆ. ನಿಮಗೆ ಕೆಲಸಕ್ಕೆ ತೊಂದರೆ ಆಗಿರ್ಬೇಕು."

"ಬ್ಯಾರೆ ಒಂದು ತಗಂಡೆ ಬೇಟಿ. ಜಯಕುಮಾರ್ ಸುದ್ದಿ ಕೇಳಿದ ಮ್ಯಾಲೆ ಆ ಮನೆಗೆ ಬಂದು ಪೈಪು ಕೊಡ್ರಿ ಅಂತ ಯಾವ ಬಾಯಲ್ಲಿ ಕೇಳ್ಲಿ?" ಅವನು ಅವಳ ಕೈಯಿಂದ ಪೈಪನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದ. "ಮಟ್ಟ ಸರಿ ಬಂತಾ?"

"ಬಂತು," ಎಂದಳು ಸುಮಿತ್ರಾ. "ಮಳೆನೂ ನೋಡಿ ಒಪ್ಪಿಕೊಂಡು ಹೋತು."

ಜಮಾಲ್ ಸಾಬ್ ಪೈಪನ್ನು ಬಲಗೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ, ಪೈಪು ಕೇಳಲೆಂದು ಅವಳ ಜೊತೆ ಬಂದು ಬದಿಗೆ ನಿಂತಿದ್ದ ದುರುಗಣ್ಣನ ಕಡೆಗೆ ಅದನ್ನು ಚಾಚಿದ. "ತಗಾಪ್ಪ. ಮುಗಿದ ಮ್ಯಾಲೆ ತಂದುಕೊಡು."

ಓದುವ, ಕೇಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಊರಿಗೆ ರಸ್ತೆ ಬರಲಿ, ಕೆಲಸ ಬರಲಿ, ಬೆಳವಣಿಗೆ ಬರಲಿ. ಅದು ನಮ್ಮ ಹಕ್ಕು. ಆದರೆ ಹೊಲದ ಮೇಲ್ಮಣ್ಣು ಮಾರಿ ಬಂದ ಬೆಳವಣಿಗೆ ಒಂದು ಮಳೆಗೂ ನಿಲ್ಲುವುದಿಲ್ಲ. ಮಾರುವ ಮುಂಚೆ ಒಮ್ಮೆ ಹೊಲದಲ್ಲಿ ನಿಂತು ನೀರು ಎತ್ತ ಓಡುತ್ತದೆ ನೋಡಿ. ಪಂಚಾಯಿತಿಗೆ ಹೋಗಿ ಬದುವಿಗೆ ಅರ್ಜಿ ಕೊಡಿ. ಗೊತ್ತಾಗದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ, ನಿಮ್ಮ ಸಂಘದ ಕೃಷಿ ಸಖಿಯಲ್ಲಿ ಕೇಳಿ. ಕಣ್ಣಳತೆಯನ್ನು ನಂಬಬೇಡಿ, ಗಾರೆ ಕೆಲಸದವರು ನಿಮ್ಮ ಊರಲ್ಲೂ ಇದ್ದಾರೆ, ಒಂದು ಪೈಪು ಎರವಲು ತನ್ನಿ. ಮನೆಯವರನ್ನು ಕರೆಯಿರಿ, ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕೇ ಬೇಕು.

ಕೆಲಸ ಮುಗಿದ ಮೇಲೆ ತೊಳೆದು, ಸುರುಳಿ ಸುತ್ತಿ, ಕೊಟ್ಟವರ ಕೈಗೇ ಹಿಂದಿರುಗಿಸಿ. ಹೊಲವನ್ನೂ ಹಾಗೆಯೇ. ಅದೂ ನಾವು ಎರವಲು ತಂದದ್ದೇ, ನಮ್ಮ ಮಕ್ಕಳಿಂದ.